ಆಟಿಯಲ್ಲಿ ಕೊಳೆಯಬಾರದು, ಪಗ್ಗುವಿನಲ್ಲಿ ಒಣಗಬಾರದು: ನಿಮ್ಮ ಅಂಗಳಕ್ಕೆ ನೆಲ ಮುಚ್ಚುವ ಗಿಡ ಯಾವುದು?

ಮೇ ತಿಂಗಳ ಕೊನೆ ಬಂತೆಂದರೆ ನಮ್ಮ ಕಡೆ ಎಲ್ಲರಿಗೂ ಒಟ್ಟಿಗೇ ಗಿಡದ ನೆನಪಾಗುತ್ತದೆ. ಈ ಸಲ ಒಂದೇ ವಾರದಲ್ಲಿ ಮೂವರು ಕೇಳಿದರು. ಮಂಗಳೂರಿನ ಬಿಜೈಯಲ್ಲಿರುವ ಅತ್ತಿಗೆಗೆ ಮಾವಿನ ಮರದಡಿಯ ಬೋಳು ಜಾಗ ಮುಚ್ಚಬೇಕು. ಮಲ್ಪೆ ಹತ್ತಿರದ ಪಡುಕೆರೆಯಲ್ಲಿ ಮನೆ ಕಟ್ಟಿದ ಗೆಳೆಯನಿಗೆ ಹೊಯಿಗೆ (ಮರಳು) ಹಾರಿ ಒಳಗೆ ಬರುವುದು ನಿಲ್ಲಬೇಕು. ಕಾರ್ಕಳದ ಅಣ್ಣನಿಗೆ ಅಡಿಕೆ ತೋಟದಲ್ಲಿ ಮತ್ತೆ ಮತ್ತೆ ಹುಲ್ಲು ತೆಗೆಸಿ ಸಾಕಾಗಿದೆ. ಮೂವರ ಮೊಬೈಲಿನಲ್ಲೂ ಹಳದಿ ಹೂವಿನ ಹಸಿರು ಹಾಸಿನ ಒಂದು ಫೋಟೋ. "ಇದನ್ನೇ ಹಾಕುವುದಾ ಮಾರಾಯ್ರೆ?"

ಮೂರು ಫೋಟೋದಲ್ಲಿ ಎರಡು ಬೇರೆ ಬೇರೆ ಗಿಡ ಇತ್ತು. ಒಂದನ್ನು ನಾನು ಖುಷಿಯಿಂದ ಕೊಡುತ್ತೇನೆ. ಇನ್ನೊಂದನ್ನು ಕಿತ್ತು ಕಿತ್ತು ನನ್ನ ಬೆರಳ ಉಗುರೇ ಹೋಗಿದೆ. ಆ ಕಥೆ ಆಮೇಲೆ ಹೇಳುತ್ತೇನೆ.

ಮೊದಲು ಅಂಗಳ ನೋಡಿ, ಗಿಡ ಆಮೇಲೆ

ನರ್ಸರಿಯಲ್ಲಿ ಗಿಡ ಚೆಂದ ಕಾಣುವುದು ನವೆಂಬರಿನಲ್ಲಿ. ನವೆಂಬರಿನಲ್ಲಿ ನಮ್ಮೂರಲ್ಲಿ ಕಲ್ಲು ಕೂಡ ಚೆಂದ ಕಾಣುತ್ತದೆ. ಗಿಡವನ್ನು ಅಳೆಯಬೇಕಾದದ್ದು ಎರಡು ತಿಂಗಳಲ್ಲಿ. ಒಂದು ಆಟಿ, ಇನ್ನೊಂದು ಪಗ್ಗು. ಎರಡೂ ತುಳು ತಿಂಗಳು: ಆಟಿ ಅಂದರೆ ಜುಲೈ-ಆಗಸ್ಟಿನ ಜಡಿಮಳೆ, ಪಗ್ಗು ಅಂದರೆ ಏಪ್ರಿಲ್-ಮೇಯ ಸುಡುಬಿಸಿಲು.

ನಮ್ಮಲ್ಲಿ ವರ್ಷಕ್ಕೆ 3500 ಮಿ.ಮೀ.ಗೂ ಜಾಸ್ತಿ ಮಳೆ. ಅದರ ದೊಡ್ಡ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಡಿಸೆಂಬರ್ ದಾಟಿದ ಮೇಲೆ ಏಪ್ರಿಲ್‌ವರೆಗೆ ಹನಿ ಕಾಣುವುದು ಅಪರೂಪ. ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ನೆಲ ಬೇರೆ. ಮಳೆಯಲ್ಲಿ ನೀರು ಸೋರಿ ಹೋಗುತ್ತದೆ, ಬೇಸಿಗೆಯಲ್ಲಿ ಸೆಟೆದು ಕಲ್ಲಾಗುತ್ತದೆ. ಹಾಗಾಗಿ ಬೆಂಗಳೂರಿನವರ ಪಟ್ಟಿ ನಮಗೆ ಪ್ರಯೋಜನಕ್ಕಿಲ್ಲ. ಆಟಿಯಲ್ಲಿ ಮೂರು ದಿನ ಬಿಡದೆ ಹೊಯ್ದ ಮಳೆಗೆ ಗಿಡ ಕೊಳೆಯುತ್ತದಾ? ಪಗ್ಗುವಿನಲ್ಲಿ ಬಾವಿ ನೀರು ತಳ ಕಂಡಾಗ ನೀವು ಅದಕ್ಕೆ ನೀರು ಕೊಡಬಲ್ಲಿರಾ? ಈ ಎರಡಕ್ಕೆ ಉತ್ತರ ಸಿಕ್ಕಿದರೆ ಅರ್ಧ ಗಿಡಗಳು ಪಟ್ಟಿಯಿಂದ ತಾವಾಗಿಯೇ ಹೋಗುತ್ತವೆ.

ಆಮೇಲೆ ಬಿಸಿಲು. ಅಂದಾಜು ಬೇಡ. ಒಂದು ರಜೆಯ ದಿನ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಹೋಗಿ ನೋಡಿ, ಆ ಜಾಗಕ್ಕೆ ಎಷ್ಟು ಗಂಟೆ ನೇರ ಬಿಸಿಲು ಬೀಳುತ್ತದೆ ಅಂತ. ಆಮೇಲೆ ಕಾಲು. ಅಲ್ಲಿ ಮಕ್ಕಳು ಆಡುತ್ತಾರಾ, ಬಟ್ಟೆ ಒಣಗಿಸಲು ಹೋಗುತ್ತೀರಾ, ಇಲ್ಲ ಸುಮ್ನೆ ನೋಡಲಿಕ್ಕಾ?

ಕೊನೆಯದು ಯಾರೂ ಕೇಳದ ಪ್ರಶ್ನೆ. ಇದು ಎಲ್ಲಿ ನಿಲ್ಲುತ್ತದೆ? ಹಬ್ಬುವ ಗಿಡಕ್ಕೆ ಹಬ್ಬುವುದೇ ಕಸುಬು. ಬದಿಯಲ್ಲಿ ಕಲ್ಲಿನ ಅಂಚೋ ಇಂಟರ್‌ಲಾಕೋ ಇದ್ದರೆ ಒಂದು ಲೆಕ್ಕ. ಬದಿಯಲ್ಲಿ ಗದ್ದೆ, ತೋಡು, ಕಾಡು ಇದ್ದರೆ ಬೇರೆಯೇ ಲೆಕ್ಕ.

ಹಾವಿನ ಮಾತು ಎತ್ತದಿದ್ದರೆ ಈ ಊರಿನಲ್ಲಿ ಯಾರೂ ನನ್ನ ಮಾತು ಪೂರ್ತಿ ಕೇಳುವುದಿಲ್ಲ. ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಸಿಸುವವರನ್ನು ಕೇಳಿ ನೋಡಿ, ಮೊದಲ ಕಾರಣ ಪಾಚಿ, ಎರಡನೆಯದು ಹಾವು. ಭಯ ಸುಳ್ಳಲ್ಲ. ಗೇಣಿಗಿಂತ ಎತ್ತರದ ಪೊದೆಯಲ್ಲಿ ಕೊಳಕುಮಂಡಲ ಮಲಗಿದ್ದರೆ ಕಾಣುವುದಿಲ್ಲ. ಹಾಗಾಗಿ ಯಾವ ಗಿಡ ಹಾಕಿದರೂ ಗೋಡೆಯ ಬುಡದಲ್ಲಿ, ನಡೆಯುವ ದಾರಿಯ ಎರಡೂ ಬದಿಯಲ್ಲಿ 2 ಅಡಿ ಬೋಳು ಬಿಡಿ. ಹಿತ್ತಿಲಿಗೆ ರಾತ್ರಿ ಹೋಗುವಾಗ ಟಾರ್ಚ್ ಬೇಕೇ ಬೇಕು, ಗಿಡ ಇದ್ದರೂ ಇಲ್ಲದಿದ್ದರೂ.

ಎರಡು ಹಳದಿ ಹೂ

ಈಗ ಆ ಫೋಟೋಗಳ ವಿಷಯ. ಒಂದು ವೆಡೇಲಿಯ. ಇನ್ನೊಂದು ಪಿಂಟೋ ಕಡಲೆ. ದೂರದಿಂದ ಎರಡೂ ಒಂದೇ ಥರ, ಹಸಿರು ಹಾಸಿನ ಮೇಲೆ ಹಳದಿ ಚುಕ್ಕೆ. ಕೆಲವು ನರ್ಸರಿಗಳಲ್ಲಿ ಎರಡಕ್ಕೂ "ಹಳದಿ ಹೂವಿನ ಬಳ್ಳಿ" ಅಂತಲೇ ಹೆಸರು.

ಹತ್ತಿರ ಹೋದರೆ ತಪ್ಪುವ ಹಾಗೇ ಇಲ್ಲ. ವೆಡೇಲಿಯದ ಹೂ ಪುಟ್ಟ ಸೂರ್ಯಕಾಂತಿಯ ಹಾಗೆ, ಸುತ್ತ ಎಸಳು, ನಡುವೆ ಗುಂಡು. ಎಲೆ ಒರಟು, ದಪ್ಪ, ತುದಿಯಲ್ಲಿ ಮೂರು ಕವಲಿನ ಹಾಗೆ ಸೀಳು. ಪಿಂಟೋದ ಹೂ ನೆಲಕಡಲೆ ಹೂವಿನ ಹಾಗೆ, ರೆಕ್ಕೆ ಬಿಚ್ಚಿದ ಪಾತರಗಿತ್ತಿ. ಒಂದೊಂದು ತೊಟ್ಟಿಗೆ ನಾಲ್ಕು ಕಿರುಎಲೆ, ಎರಡು ಜೋಡಿ. ಸಂಜೆ ಕತ್ತಲಾಗುತ್ತಲೇ ಆ ಜೋಡಿಗಳು ಮಡಚಿಕೊಂಡು ಮಲಗುತ್ತವೆ. ನೆಲಕಡಲೆಯದೇ ಸಂಬಂಧಿ ಅಲ್ವಾ.

ನಾನು ತಿಳಿಯದೆ ತಂದದ್ದು ವೆಡೇಲಿಯ. ಪರ್ಕಳದ ನಮ್ಮ ಮನೆಯ ಹಿಂದಿನ ಇಳಿಜಾರಿಗೆ ಒಂದು ಹಿಡಿ ತುಂಡು ಊರಿದೆ. ಮೊದಲ ವರ್ಷ ಬಂದವರೆಲ್ಲ ಹೊಗಳಿದರು. ಆಟಿ ಪಾಸು, ಪಗ್ಗು ಪಾಸು, ಬಿಸಿಲೂ ಆದೀತು, ನೆರಳೂ ಆದೀತು. ಎರಡನೇ ವರ್ಷ ಬಾವಿಕಟ್ಟೆ ಬದಿಯ ಒಂದೆಲಗ ಕಾಣಲಿಲ್ಲ. ಮೂರನೇ ವರ್ಷ ಪಕ್ಕದ ಮನೆಯ ಅಜ್ಜಿ ಕಾಂಪೌಂಡಿನ ಮೇಲಿಂದ ಕೇಳಿದರು, "ಇದು ನಿಮ್ಮದಾ, ನಮ್ಮದಾ?" ತೆಗೆಯಲು ಕೂತಾಗ ಗೊತ್ತಾಯಿತು, ಬಳ್ಳಿಯ ಒಂದೊಂದು ಗಿಣ್ಣಿಗೂ ಬೇರು. ಎಳೆದರೆ ಪಟ್ಟನೆ ತುಂಡಾಗುತ್ತದೆ, ಒಳಗೆ ಉಳಿದ ಬೆರಳುದ್ದದ ತುಂಡು ಇನ್ನೊಂದು ಗಿಡ. ಪಿಕ್ಕಾಸಿನಲ್ಲಿ ಅಗೆದು, ಕಿತ್ತದ್ದನ್ನು ಮುರಕಲ್ಲ ಪಾರೆಯ ಮೇಲೆ ಹರಡಿ, ಮಾರ್ಚ್ ಬಿಸಿಲಿಗೆ ಗರಿಗರಿ ಒಣಗಿಸಿದ ಮೇಲೆಯೇ ಸತ್ತದ್ದು. ಮಳೆಯಲ್ಲಿ ಕಿತ್ತು ತೋಡಿಗೆ ಎಸೆದರೆ ಕೆಳಗಿನ ಊರಿಗೆಲ್ಲ ಹಂಚಿದ ಹಾಗೆ.

ಮಧ್ಯ ಅಮೆರಿಕದ ಕಡೆಯಿಂದ ಬಂದ ಈ ಗಿಡ ಜಗತ್ತಿನ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ. ಕಮ್ಯುನಿಸ್ಟ್ ಗಿಡ ಬಂದು ಹೇಗೆ ಗುಡ್ಡೆಯೆಲ್ಲ ತನ್ನದು ಮಾಡಿಕೊಂಡಿತು ಅಂತ ನೋಡಿದವರಿಗೆ ಜಾಸ್ತಿ ಹೇಳಬೇಕಾಗಿಲ್ಲ. ಸುತ್ತ ಡಾಂಬರು, ಕಾಂಕ್ರೀಟ್ ಇರುವ ರಸ್ತೆ ನಡುವಿನ ತೊಟ್ಟಿಯಲ್ಲಿ ಅದು ಇರಲಿ. ಮನೆಗೆ ಬೇಡ. ಪುಕ್ಕಟೆ ಸಿಕ್ಕಿದರೂ ಬೇಡ. ಅದು ಯಾವಾಗಲೂ ಪುಕ್ಕಟೆಯೇ ಸಿಗುತ್ತದೆ, ಯಾಕೆ ಅಂತ ಈಗ ಗೊತ್ತಾಯಿತಲ್ಲ.

ಪಿಂಟೋ ಕಡಲೆ ಬ್ರೆಜಿಲಿನದು. 1954ರಲ್ಲಿ ಅಲ್ಲಿನ ಬಹಿಯ ರಾಜ್ಯದಲ್ಲಿ ಇದನ್ನು ಮೊದಲು ಸಂಗ್ರಹಿಸಿದವರ ಹೆಸರು ಪಿಂಟೋ, ಹೆಸರು ಹಾಗೇ ಉಳಿಯಿತು. ಮಂಗಳೂರಿನಲ್ಲಿ ಪಿಂಟೋ ಅಂದರೆ ನಮ್ಮವರೇ ಇರಬೇಕು ಅಂದುಕೊಳ್ಳುವುದು ಸಹಜ, ಆದರೆ ಇವರು ಆ ಊರಿನವರು. ಗಿಡ ಗೇಣಿನೊಳಗೇ ಇರುತ್ತದೆ. ಹುಳಿ ಮಣ್ಣು ಒಗ್ಗುತ್ತದೆ. ಬೇರಿನ ಗಂಟುಗಳಲ್ಲಿ ಸಾರಜನಕ ಹಿಡಿದಿಡುವುದರಿಂದ ಗೊಬ್ಬರ ಕೇಳುವುದಿಲ್ಲ, ಬದಿಯ ಗಿಡಕ್ಕೂ ಒಳ್ಳೆಯದು. ಆಟಿಯ ಮಳೆ ತಡೆಯುತ್ತದೆ, ನೀರು ನಿಲ್ಲಬಾರದು ಅಷ್ಟೆ. ಪಗ್ಗುವಿನಲ್ಲಿ ನೀರಿಲ್ಲದಿದ್ದರೆ ಎಲೆ ಉದುರಿಸಿ ಬಡವಾಗುತ್ತದೆ, ಸಾಯುವುದಿಲ್ಲ. ಎರಡು ಮಳೆ ಬಿದ್ದರೆ ಮತ್ತೆ ಚಿಗುರು. ದಿನಕ್ಕೆ ನಾಲ್ಕೈದು ಗಂಟೆ ಬಿಸಿಲಿದ್ದರೆ ಹೂ ತುಂಬುತ್ತದೆ. ಪೂರ್ತಿ ನೆರಳಲ್ಲಿ ಬಳ್ಳಿ ಉದ್ದವಾಗಿ ಎಲೆ ವಿರಳವಾಗುತ್ತದೆ.

ದೋಷ ಇಲ್ಲ ಅಂತಲ್ಲ. ಶುರುವಿನಲ್ಲಿ ನಿಧಾನ. ನೆಟ್ಟ ನಾಲ್ಕಾರು ತಿಂಗಳು ಕಳೆ ಕೀಳುತ್ತಾ ಇರಬೇಕು, ಇಲ್ಲದಿದ್ದರೆ ಕಳೆಯೇ ಗೆಲ್ಲುತ್ತದೆ. ಇದೂ ಹಬ್ಬುವ ಗಿಡವೇ, ಅಂಚು ಕತ್ತರಿಸುತ್ತಿರಬೇಕು. ಮತ್ತೆ ಮಳೆಗಾಲದಲ್ಲಿ ದಟ್ಟ ಹಾಸಿನ ಅಡಿಯಲ್ಲಿ ಆಫ್ರಿಕನ್ ಬಸವನಹುಳು ಸೇರಿಕೊಳ್ಳುತ್ತದೆ. ರಾತ್ರಿ ಬಕೆಟ್ ಹಿಡಿದು ಹೆಕ್ಕುವುದೇ ದಾರಿ. ಕೈಗೆ ಗ್ಲೌಸ್ ಇರಲಿ.

ಒಂದೆಲಗ: ತಿನ್ನುವ ಹಾಸು

ನನ್ನ ಮಟ್ಟಿಗೆ ಕರಾವಳಿಯ ಮನೆಗೆ ಮೊದಲ ಆಯ್ಕೆ ಇದೇ, ನೀರು ಇದ್ದರೆ. ತುಳುವಿನಲ್ಲಿ ತಿಮರೆ. ಬೆಳಿಗ್ಗೆ ಕುಚ್ಚಲಕ್ಕಿ ಗಂಜಿಗೆ ಹತ್ತು ಎಲೆ ಕಿತ್ತು, ಕಾಯಿತುರಿ, ಹಸಿಮೆಣಸು, ಒಂದು ತುಂಡು ಹುಣಸೆ ಹಾಕಿ ಅರೆದರೆ ಚಟ್ನಿ. ಮಧ್ಯಾಹ್ನ ಮಜ್ಜಿಗೆ ಸೇರಿಸಿದರೆ ತಂಬುಳಿ. ಬೇರೆ ಯಾವ ನೆಲಬಳ್ಳಿ ದಿನಕ್ಕೆ ಎರಡು ಹೊತ್ತು ಎಲೆಗೆ ಬೀಳುತ್ತದೆ ಹೇಳಿ.

ಅರ್ಧ ನೆರಳು, ತೇವದ ಮಣ್ಣು ಸಿಕ್ಕಿದರೆ ಬಳ್ಳಿ ಗಿಣ್ಣು ಗಿಣ್ಣಿಗೆ ಬೇರೂರುತ್ತಾ ಹೋಗುತ್ತದೆ. ಆಟಿ ಅದಕ್ಕೆ ಹಬ್ಬ. ಸೋಲುವುದು ಪಗ್ಗುವಿನಲ್ಲಿ. ನೀರು ತಪ್ಪಿದರೆ ಹದಿನೈದು ದಿನದಲ್ಲಿ ಹಾಸು ಹರಿದ ಚಾಪೆಯ ಹಾಗೆ ಕಾಣುತ್ತದೆ. ಬಾವಿಕಟ್ಟೆಯ ಸುತ್ತ, ನಳ್ಳಿಯ ಬುಡದಲ್ಲಿ ತಾನಾಗಿ ತೇವ ಇರುತ್ತದೆ, ಅಲ್ಲಿ ಹಾಕಿ. ಬಚ್ಚಲ ಸಾಬೂನು ನೀರು ಹೋಗುವಲ್ಲಿಯೂ ಸೊಂಪಾಗಿ ಬರುತ್ತದೆ, ಆದರೆ ಆ ಎಲೆ ಚಟ್ನಿಗೆ ಬೇಡ. ಆಗೊಮ್ಮೆ ಈಗೊಮ್ಮೆ ಮೆಟ್ಟಿದರೆ ತೊಂದರೆ ಇಲ್ಲ, ದಿನಾ ನಡೆಯುವ ದಾರಿಗೆ ಆಗುವುದಿಲ್ಲ.

ಒಂದು ಎಚ್ಚರ. "ಬ್ರಾಹ್ಮಿ" ಅಂತ ಕೇಳಿದರೆ ಒಬ್ಬರು ಒಂದೆಲಗ ಕೊಡುತ್ತಾರೆ, ಇನ್ನೊಬ್ಬರು ನೀರುಬ್ರಾಹ್ಮಿ. ಎರಡನೆಯದು ಸಣ್ಣ ದಪ್ಪ ಎಲೆಯ, ಮಾಸಲು ಬಿಳಿ ಹೂವಿನ ಬೇರೆ ಗಿಡ. ಕೆಸರು ಬೇಕು ಅದಕ್ಕೆ. ಹೊಳೆಬದಿಯ ಮನೆಯವರಿಗೆ ಅದು ಒಳ್ಳೆಯದೇ, ಸ್ವಲ್ಪ ಉಪ್ಪುನೀರನ್ನೂ ತಡೆದುಕೊಳ್ಳುತ್ತದೆ.

ಹುಲ್ಲು ಹಾಸು ಬೇಕೇ ಬೇಕಾ?

ಮಕ್ಕಳು ಶಟಲ್ ಆಡುವ ಜಾಗವಾದರೆ ಬೇಕು. ಕಾಲಿನ ತುಳಿತ ತಡೆಯುವುದು ಹುಲ್ಲು ಮಾತ್ರ. ಇಲ್ಲಿ ಬಫೆಲೊ ಹುಲ್ಲು ಅಂತ ಮಾರುವ ಅಗಲ ಎಲೆಯದು ನಮ್ಮ ಹುಳಿ ಮಣ್ಣಿಗೂ ಅರ್ಧ ನೆರಳಿಗೂ ಒಗ್ಗುತ್ತದೆ. ಸೂಜಿಯಂಥ ಎಲೆಯ ಮೆಕ್ಸಿಕನ್ ಹುಲ್ಲು ನೋಡಲು ಅದಕ್ಕಿಂತ ಚೆಂದ, ಆದರೆ ಪೂರ್ತಿ ಬಿಸಿಲು ಬೇಕು, ನೀರು ನಿಂತರೆ ಹಳದಿಯಾಗುತ್ತದೆ. ಎರಡಕ್ಕೂ ಬೇಸಿಗೆಯಲ್ಲಿ ನೀರು ಬಿಡದೆ ಬೇಕು. ಹಾಸಿಸುವಾಗಿನ ಖರ್ಚನ್ನು ಎಲ್ಲರೂ ಲೆಕ್ಕ ಹಾಕುತ್ತಾರೆ. ಏಪ್ರಿಲ್‌ನ ನೀರು, ಜುಲೈಯ ಕತ್ತರಿಸುವ ಕೂಲಿ ಲೆಕ್ಕಕ್ಕೆ ಬರುವುದೇ ಇಲ್ಲ. ಬಾವಿ ಮಾರ್ಚಿನಲ್ಲೇ ಇಂಗುವ ಮನೆಯವರು ಇದರ ಸುದ್ದಿಗೆ ಹೋಗಬೇಡಿ.

ಟೇಬಲ್ ರೋಸ್ ಬಗ್ಗೆ ಒಂದೇ ಮಾತು. ಪಗ್ಗುವಿನಲ್ಲಿ ರಾಣಿ, ಆಟಿಯಲ್ಲಿ ಕೊಳೆತ ಸೊಪ್ಪು. ಚಟ್ಟಿಯಲ್ಲಿ ಹಾಕಿ ಮಾಡಿನ ಅಡಿಗೆ ಎತ್ತಿಡಿ. ನೇರಳೆ-ಬೆಳ್ಳಿ ಪಟ್ಟೆಯ ಟ್ರಡೆಸ್ಕಾಂಶಿಯ ಗೋಡೆಯ ನೆರಳಿನ ಮೂಲೆಗೆ ಆದೀತು, ಮೆಟ್ಟಬಾರದು, ರಸ ತಾಗಿದರೆ ಕೆಲವರಿಗೆ ತುರಿಕೆ. ಕತ್ತರಿಸಿದ ತುಂಡು ಎಸೆದಲ್ಲಿ ಬೇರು ಬಿಡುತ್ತದೆ, ಅದೊಂದು ನೆನಪಿರಲಿ.

ಪುಕ್ಕಟೆ ಆಯ್ಕೆ

ಏನೂ ನೆಡದೆ ಇರುವುದೂ ಒಂದು ಆಯ್ಕೆ. ಇದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಆದರೆ ಜಾಸ್ತಿ ಅಂಗಳಗಳಿಗೆ ಇದೇ ಸರಿ ಅಂತ ನನಗೆ ಈಗೀಗ ಅನ್ನಿಸುತ್ತದೆ.

ಮೊದಲ ಮಳೆಯ ನಂತರ ಅಂಗಳದಲ್ಲಿ ಕೂತು ಒಂದು ಚದರ ಅಡಿ ನೋಡಿ. ಗರಿಕೆ ಇರುತ್ತದೆ. ನೆಲನೆಲ್ಲಿ ಇರುತ್ತದೆ, ಎಲೆಯ ಅಡಿಯಲ್ಲಿ ಸಾಸಿವೆಯಂಥ ಕಾಯಿ ಸಾಲು. ಮೆಂತೆ ಎಲೆಯನ್ನು ಕುಗ್ಗಿಸಿದ ಹಾಗಿರುವ ಮೂರೆಲೆಯ ಡೆಸ್ಮೋಡಿಯಂ ಇರುತ್ತದೆ, ನೆಲಕ್ಕೆ ಅಂಟಿಕೊಂಡು. ಬಿಸಿಲಿನ ಗರಸು ನೆಲವಾದರೆ ವಿಷ್ಣುಕ್ರಾಂತಿಯ ನೀಲಿ ಹೂ. ನೆರಳಿನ ಗೋಡೆ ಬುಡದಲ್ಲಿ ನೀರುಕಡ್ಡಿ, ಶಾಲೆಯಲ್ಲಿ ಸ್ಲೇಟು ಒರೆಸಲು ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದೆವಲ್ಲ, ಅದೇ. ಇವೆಲ್ಲ ಆಟಿ, ಪಗ್ಗು ಎರಡನ್ನೂ ನಮ್ಮ ಅಜ್ಜನ ಕಾಲದಿಂದ ನೋಡಿದವು. ಬೇಸಿಗೆಯಲ್ಲಿ ಕೆಲವು ಒಣಗುತ್ತವೆ, ಬೀಜ ಅಲ್ಲೇ ಇರುತ್ತದೆ, ಜೂನ್‌ನಲ್ಲಿ ಹಾಜರು.

ಮಾಡಬೇಕಾದದ್ದು ಎರಡೇ ಕೆಲಸ. ಮಳೆಗಾಲದಲ್ಲಿ ಮೂರು-ನಾಲ್ಕು ವಾರಕ್ಕೊಮ್ಮೆ ನೆಲದಿಂದ ಎರಡು ಇಂಚು ಬಿಟ್ಟು ಕತ್ತರಿಸುವುದು. ಎತ್ತರ ಹೋಗುವ ಗಿಡ ಸೋಲುತ್ತದೆ, ತಗ್ಗಿ ಹಬ್ಬುವುದು ಗೆಲ್ಲುತ್ತದೆ. ಇನ್ನೊಂದು, ಮುಟ್ಟಿದರೆ ಮುನಿಯನ್ನು ಬುಡಸಮೇತ ಕೀಳುವುದು. ಅದೂ ನೆಲ ಮುಚ್ಚುತ್ತದೆ, ಬರಿಗಾಲಿನವರನ್ನು ಕೇಳಿ.

ಶ್ರಾವಣದಲ್ಲಿ ಉಡುಪಿ, ಮಂಗಳೂರಿನ ಕೊಂಕಣಿ ಮನೆಗಳ ಹೆಂಗಸರು ಚೂಡಿ (ಪೂಜೆಗೆ ಕಟ್ಟುವ ಹೂ-ಗರಿಕೆಯ ಪುಟ್ಟ ಕಟ್ಟು) ಕಟ್ಟಲು ಗರಿಕೆ, ಸಣ್ಣ ಸಣ್ಣ ಕಾಡುಗಿಡ ಹುಡುಕುತ್ತಾ ಹೋಗುತ್ತಾರೆ. ಈಗ ಅಂಗಳವೆಲ್ಲ ಇಂಟರ್‌ಲಾಕ್ ಆಗಿ ರಥಬೀದಿಯಲ್ಲಿ ಕಟ್ಟಿದ ಚೂಡಿಯನ್ನೇ ಕೊಂಡು ತರುವವರು ಜಾಸ್ತಿ. ಅಂಗಳದಲ್ಲಿ ಕಳೆ ಅಂತ ತೆಗೆಸಿ, ಅದನ್ನೇ ದುಡ್ಡು ಕೊಟ್ಟು ತರುವುದು.

ಕಡಲ ಬದಿಯವರಿಗೆ

ಪಡುಕೆರೆ, ಉಳ್ಳಾಲ, ಸಸಿಹಿತ್ಲು ಕಡೆ ಮೇಲಿನ ಯಾವ ಮಾತೂ ನಡೆಯುವುದಿಲ್ಲ. ಹೊಯಿಗೆ, ಉಪ್ಪುಗಾಳಿ. ಅಲ್ಲಿ ಗೆಲ್ಲುವುದು ಅಡುಂಬು ಬಳ್ಳಿ, ಆಡಿನ ಗೊರಸಿನ ಹಾಗೆ ಸೀಳಿದ ಎಲೆ, ನೇರಳೆ ಹೂ. ದಂಡೆಯ ಹೊಯಿಗೆಯನ್ನು ಹಿಡಿದಿಡುವುದೇ ಅದು. ಸಸಿ ಕೊಳ್ಳಬೇಕಾಗಿಲ್ಲ, ಸೈಟಿನ ಕಡಲ ಬದಿಯಲ್ಲಿ ಇದ್ದದ್ದನ್ನು ಜೆಸಿಬಿಯವನು ಕೆರೆಯದ ಹಾಗೆ ನೋಡಿಕೊಂಡರೆ ಸಾಕು. ಗೆಳೆಯ ಅದನ್ನು ಮೊದಲೇ ಕೆರೆಸಿ ಸಪಾಟು ಮಾಡಿಸಿ, ಆಮೇಲೆ ನನಗೆ ಫೋನ್ ಮಾಡಿದ್ದು. ಈಗ ಮೊಳ ಉದ್ದದ ತುಂಡುಗಳನ್ನು ಮಳೆ ಶುರುವಿಗೆ ಹೊಯಿಗೆಯಲ್ಲಿ ಹೂಳಲು ಹೇಳಿದ್ದೇನೆ. ಬಳ್ಳಿ ತುಂಬಾ ದೂರ ಓಡುತ್ತದೆ, ಐದು ಸೆಂಟ್ಸಿನ ಜಾಗಕ್ಕೆ ಜಾಸ್ತಿಯಾಯಿತು. ಮನೆಯ ಹತ್ತಿರ ಬೇಡ, ಕಡಲ ಬದಿಯ ಪಟ್ಟಿಗೆ ಮಾತ್ರ.

ತೋಟದಲ್ಲಿ ಲೆಕ್ಕ ಬೇರೆ

ಅಣ್ಣನಿಗೆ ಪಿಂಟೋ ಹಾಕುವ ಆಸೆ. ನಾನು ಕೇಳಿದ ಒಂದೇ ಪ್ರಶ್ನೆ, ಅಡಿಕೆ ಹೆಕ್ಕುವವರಿಗೆ ಬಿದ್ದ ಹಣ್ಣಡಿಕೆ ಕಾಣುತ್ತದಾ? ದಟ್ಟ ಹಾಸಿನಲ್ಲಿ ಅಡಿಕೆ ಒಳಗೆ ಇಳಿದು ಕೂರುತ್ತದೆ. ಹುಲ್ಲಿನ ಖರ್ಚು ಉಳಿದು ಹೆಕ್ಕುವ ಖರ್ಚು ಏರಿದರೆ ಏನು ಬಂತು? ಫಸಲು ಬಾರದ ಎಳೆ ತೋಟಕ್ಕೆ, ತೆಂಗಿನ ಸಾಲಿನ ನಡುವೆ ಪಿಂಟೋ ಚೆನ್ನಾಗಿ ಆಗುತ್ತದೆ. ಫಸಲಿರುವ ಅಡಿಕೆ ತೋಟಕ್ಕೆ ಸೋಗೆ, ಸೊಪ್ಪು ಹಾಸಿ ಬಿಡುವುದೇ ಮೇಲು.

ಹಿಪ್ಪಲಿಗೆ ತೋಟದ ನೆರಳು, ತೇವ ಎರಡೂ ಇಷ್ಟ. ಕಾಯಿಗೆ ಬೆಲೆಯೂ ಉಂಟು. ಮೊಣಕಾಲಿನ ಹತ್ತಿರ ಬೆಳೆಯುತ್ತದೆ, ಹಾಗಾಗಿ ಹೆಕ್ಕುವ ತೊಂದರೆ ಇದಕ್ಕೂ ಇದೆ. ಕೊಳೆರೋಗಕ್ಕೆ ಬೋರ್ಡೋ ಹೊಡೆಯುವ ತೋಟವಾದರೆ ಇನ್ನೊಂದು ಮಾತು. ಮೈಲುತುತ್ತಿನ ನೀರು ಮೇಲಿಂದ ಕೆಳಗೇ ತೊಟ್ಟಿಕ್ಕುತ್ತದೆ. ಅಡಿಯಲ್ಲಿ ಒಂದೆಲಗ ಬೆಳೆಸಿ ಅದೇ ವಾರ ತಂಬುಳಿ ಮಾಡಬೇಡಿ. ರಬ್ಬರ್ ತೋಟದವರು ಹಾಕುವ ಮುಕುನ ಬಳ್ಳಿ ನಸುಗುನ್ನಿಯ ಜಾತಿ, ಸಿಕ್ಕಿದ್ದನ್ನೆಲ್ಲ ಏರುತ್ತದೆ. ಅಡಿಕೆ ಮರಕ್ಕೆ ಅದು ಶತ್ರು. ಇಂಥ ವಿಷಯಕ್ಕೆ ವಿಟ್ಲದ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ), ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರದಲ್ಲಿ ಒಮ್ಮೆ ಕೇಳಿ ಬರುವುದು ಒಳ್ಳೆಯದು.

ದರೆಗೆ ಹಬ್ಬುವ ಗಿಡ ಹಾಕಿ ಕುಸಿತ ನಿಲ್ಲಿಸುತ್ತೇನೆ ಅನ್ನುವವರಿಗೆ, ನಿಲ್ಲುವುದಿಲ್ಲ. ಈ ಬಳ್ಳಿಗಳ ಬೇರು ಮೇಲ್ಮಣ್ಣು ತೊಳೆದು ಹೋಗದ ಹಾಗೆ ಹಿಡಿಯುತ್ತದೆ, ಅಷ್ಟೆ. ಸಣ್ಣ ದರೆಗೆ ಸಾಲಾಗಿ ಲಾವಂಚ ಹಾಕಿ, ಅದರ ಬೇರು ನೇರ ಆಳಕ್ಕೆ ಇಳಿಯುತ್ತದೆ. ನೇರ ಕಡಿದ ಎತ್ತರದ ದರೆಗೆ ಗಿಡವಲ್ಲ, ಎಂಜಿನಿಯರ್ ಬೇಕು.

ಮನೆಯ ಬದಿಯಲ್ಲಿ ನಾಗಬನವೋ ಕಾಡೋ ಇದ್ದರೆ ನರ್ಸರಿಯ ಯಾವುದನ್ನೂ ಅದರ ಹತ್ತಿರ ನೆಡಬೇಡಿ. ಬನದ ನೆಲ ಆಗಲೇ ಮುಚ್ಚಿದೆ. ಮೇಲೆ ತರಗೆಲೆ, ಅದರ ನಡುವೆ ಜರಿಗಿಡ, ಮರಗಳ ಎಳೆ ಸಸಿಗಳು, ಬೆಳಕು ಬೀಳುವಲ್ಲಿ ನೆಲಕ್ಕೆ ಚಪ್ಪಟೆಯಾಗಿ ಎಲೆ ಹರಡಿದ ನೆಲಮುಚ್ಚಿಲು. ಗುಡಿಸುವುದನ್ನು ನಿಲ್ಲಿಸಿದರೆ ಸಾಕು.

ಖರ್ಚು ಮತ್ತು ಹೊತ್ತು

ಅತ್ತಿಗೆಯ ಜಾಗ ಅಗಲ 10 ಅಡಿ, ಉದ್ದ 30 ಅಡಿ. 1 ಅಡಿಗೊಂದು ನೆಟ್ಟರೆ 300 ತುಂಡು ಬೇಕು. ಅರ್ಧ ಅಡಿಗೊಂದಾದರೆ 1200. ಬೇಗ ಮುಚ್ಚಬೇಕು ಅಂತ ಅವಸರ ಮಾಡಿದರೆ ನಾಲ್ಕು ಪಟ್ಟು ದುಡ್ಡು. ಬಜೆಟ್ ಕಮ್ಮಿ ಇದ್ದವರು 20 ಸಸಿ ತಂದು ಒಂದು ಮೂಲೆಯಲ್ಲಿ ಬೆಳೆಸಿ, ಮುಂದಿನ ಮಳೆಗೆ ಅದರಿಂದಲೇ ತುಂಡು ಮಾಡಿ. ಪಿಂಟೋ, ಒಂದೆಲಗ ಎರಡಕ್ಕೂ ಇದು ನಡೆಯುತ್ತದೆ. ನೆಲವನ್ನು ನಾಲ್ಕು ಇಂಚು ಕೆದಕಿ ಹಟ್ಟಿಗೊಬ್ಬರ, ಸುಡುಮಣ್ಣು ಸೇರಿಸಿದರೆ ಸಾಕು. ಸಪಾಟು ಜಾಗಕ್ಕೆ ಜೂನ್ ಮೊದಲ ಮಳೆಯ ನಂತರ ನೆಡಿ. ಇಳಿಜಾರಾದರೆ ಆಟಿ ಮುಗಿದು ಸೋಣ ತಿಂಗಳು (ಆಗಸ್ಟ್-ಸೆಪ್ಟೆಂಬರ್) ಬರುವವರೆಗೆ ಕಾಯಿರಿ, ಇಲ್ಲದಿದ್ದರೆ ಆಟಿಯ ಒಂದು ರಾತ್ರಿಯಲ್ಲಿ ನೆಟ್ಟದ್ದೆಲ್ಲ ಗೇಟಿನ ಹತ್ತಿರ ರಾಶಿ ಬಿದ್ದಿರುತ್ತದೆ.

ಅತ್ತಿಗೆಗೆ ಹೇಳಿದ್ದು ಇಷ್ಟು: ಮಾವಿನ ಬುಡದ ದಟ್ಟ ನೆರಳಲ್ಲಿ ತರಗೆಲೆ ಹಾಗೇ ಇರಲಿ, ನಳ್ಳಿ ಹತ್ತಿರ ಒಂದೆಲಗ, ಬೆಳಗಿನ ಬಿಸಿಲು ಬೀಳುವ ಹೊರಗಿನ ಪಟ್ಟಿಗೆ ಪಿಂಟೋ. ಮೊನ್ನೆ ನರ್ಸರಿಯಲ್ಲಿ ನಿಂತೇ ಫೋಟೋ ಕಳಿಸಿದರು, "ಇದೇ ಅಲ್ವಾ?" ಹೂ ಇರಲಿಲ್ಲ. ಒಂದೇ ಎಲೆಯನ್ನು ಹತ್ತಿರದಿಂದ ತೆಗೆದು ಕಳಿಸಿ ಅಂದೆ. ಎರಡು ನಿಮಿಷದ ಮೇಲೆ ಬಂತು. ದಪ್ಪ, ಒರಟು, ತುದಿಯಲ್ಲಿ ಮೂರು ಸೀಳು. "ಅಲ್ಲೇ ಇಟ್ಟು ಬನ್ನಿ ಅತ್ತಿಗೆ," ಅಂದೆ. ನಮ್ಮ ಹಿತ್ತಿಲಿನಿಂದ ಒಂದು ಚೀಲ ಪಿಂಟೋ ತುಂಡು ಭಾನುವಾರ ಬಿಜೈಗೆ ಹೊರಡುತ್ತದೆ.